ಎಂಟು ತಿಂಗಳಾಯ್ತು, ಮುಟ್ಟಾಗಿದ್ದು ಐದೇ ಸಲ. ಈಗಲೇ ಡಾಕ್ಟರ್ ಹತ್ರ ಹೋಗಬೇಕಾ, ವರ್ಷ ತುಂಬಲಿ ಅಂತ ಕಾಯಬೇಕಾ?

ಮೊದಲಮಳೆ

ನನಗೆ 33, ನನ್ನ ಗಂಡನಿಗೆ 36. ಮಗು ಬೇಕು ಅಂತ ಪ್ರಯತ್ನ ಶುರು ಮಾಡಿ ಎಂಟು ತಿಂಗಳಾಯ್ತು. ಯಾರನ್ನು ಕೇಳಿದರೂ ಒಂದೇ ಮಾತು: "ಒಂದು ವರ್ಷ ನೋಡಿ, ಆಮೇಲೆ ಡಾಕ್ಟರ್." ನನ್ನ ಗಂಡನೂ ಅದನ್ನೇ ಹೇಳುತ್ತಾರೆ. ಇನ್ನು ನಾಲ್ಕೇ ತಿಂಗಳಲ್ವಾ ಅಂತಾರೆ.

ಆದರೆ ನನ್ನ ಲೆಕ್ಕ ಬೇರೆ. ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಒಂದು ಮುಟ್ಟಿನಿಂದ ಮುಂದಿನ ಮುಟ್ಟಿಗೆ ಆಗಿರುವ ದಿನಗಳು: 38, 45, 41, 52, 39. ಇವತ್ತು ಮತ್ತೆ 28ನೇ ದಿನ. ಎಂಟು ತಿಂಗಳು ಅಂದರೂ ನಮಗೆ ಸಿಕ್ಕಿದ್ದು ಐದೇ ಅವಕಾಶ ಅಲ್ವಾ? ಅದರಲ್ಲೂ ಅಂಡ ಬಿಡುಗಡೆ ಆಗಿದೆಯೋ ಇಲ್ಲವೋ, ಯಾರಿಗೆ ಗೊತ್ತು? ಫೋನಿನ ಆ್ಯಪ್ 14ನೇ ದಿನ ಅಂತ ತೋರಿಸುತ್ತದೆ. ನಾವೂ ಅದನ್ನೇ ನಂಬಿಕೊಂಡು ಬಂದಿದ್ದೇವೆ.

ಬೇರೆಯವರಿಗೆ ಎರಡು ದಿನ ತಡವಾದರೆ ಆಸೆ ಹುಟ್ಟುತ್ತದೆ. ನನಗೆ ಪ್ರತಿ ಸಲವೂ ಹತ್ತು ಹದಿನೈದು ದಿನ ಆಸೆ. ಆ 52 ದಿನದ ಸಲ ನಾಲ್ಕು ಕಿಟ್ ಮುಗಿಸಿದೆ. ನಾಲ್ಕನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು, ಓರೆ ಮಾಡಿ, ಎರಡನೇ ಗೆರೆ ಎಲ್ಲಾದರೂ ಇದೆಯಾ ಅಂತ ಹುಡುಕುತ್ತಾ ಕೂತಿದ್ದೆ. ಮರುದಿನವೇ ಮುಟ್ಟಾಯಿತು.

ನಾನು ಕೇಳುತ್ತಿರುವುದು ಇಷ್ಟೇ. ಈಗ ಹೋದರೆ ಅವಸರ ಆಗುತ್ತದಾ? ಇನ್ನೊಂದು ವಿಷಯ, ಮೊದಲು ನಾನೊಬ್ಬಳೇ ಹೋಗಿ ತೋರಿಸಿಕೊಂಡು ಬರಲಾ? ಇವರಿಗೆ ಪರೀಕ್ಷೆ ಅಂದರೆ ಮುಜುಗರ. "ನಿನ್ನದು ನೋಡಿದ ಮೇಲೆ ನೋಡೋಣ" ಅಂತ ಮಾತು ಮುಂದೂಡುತ್ತಾರೆ.

ಹಳೇಡೈರಿ

ಹೋಗಿ. ಈ ವಾರವೇ ಹೋಗಿ.

ಆ ಒಂದು ವರ್ಷದ ಮಾತು ಸುಳ್ಳಲ್ಲ. ಆದರೆ ಅದು ಹೇಳುವುದು 35ಕ್ಕಿಂತ ಕಡಿಮೆ ವಯಸ್ಸಿನ, ಮುಟ್ಟು ಸರಿಯಾಗಿ ಬರುವ, ಬೇರೆ ತೊಂದರೆ ಇಲ್ಲದವರಿಗೆ. 35 ದಾಟಿದ್ದರೆ ಆರು ತಿಂಗಳು. 40 ದಾಟಿದ್ದರೆ ಕಾಯುವ ಮಾತೇ ಇಲ್ಲ, ಮೊದಲೇ ಹೋಗಬೇಕು. ಮುಟ್ಟಿನ ಅಂತರ 35 ದಿನಕ್ಕಿಂತ ಜಾಸ್ತಿ ಅಥವಾ 21ಕ್ಕಿಂತ ಕಡಿಮೆ ಇದ್ದರೆ ಯಾವ ವಯಸ್ಸಾದರೂ ಕಾಯಬಾರದು. ನಿಮ್ಮ ಐದು ಅಂಕಿಗಳಲ್ಲಿ ಒಂದೂ 35ರ ಒಳಗಿಲ್ಲ, ನೋಡಿ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆಯುವ ತೊಂದರೆ) ಇದ್ದರೆ, ಮುಟ್ಟಿನಲ್ಲಿ ಎದ್ದು ಓಡಾಡಲೂ ಆಗದಷ್ಟು ನೋವಿದ್ದರೆ, ಹಿಂದೆ ಗರ್ಭನಾಳದಲ್ಲೇ ಗರ್ಭ ನಿಂತಿದ್ದರೆ, ಕಿಬ್ಬೊಟ್ಟೆಯಲ್ಲಿ ಸೋಂಕು ಆಗಿದ್ದರೆ, ಎರಡು ಸಲ ಗರ್ಭಪಾತ ಆಗಿದ್ದರೆ, ಕ್ಯಾನ್ಸರ್ ಚಿಕಿತ್ಸೆ ತೆಗೆದುಕೊಂಡಿದ್ದರೆ, ಅಂಥವರೂ ಬೇಗ ತೋರಿಸಬೇಕು.

ನಿಮ್ಮ ಹಾಗೇ ನಾನೂ 14ನೇ ದಿನ ನಂಬಿ ಒಂದೂವರೆ ವರ್ಷ ಕಳೆದೆ. ನನ್ನದು 40 ದಿನದ ಆಸುಪಾಸು. ಅಂಡ ಬಿಡುಗಡೆ ಆಗುವುದು ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು. ಅಂದರೆ 40 ದಿನದವರಿಗೆ 26ನೇ ದಿನದ ಹೊತ್ತಿಗೆ. ಅಂಡ ಬದುಕುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಒಳಗೆ ಐದು ದಿನದವರೆಗೂ ಇರಬಹುದು. ಲೆಕ್ಕ ಹಾಕಿ, ನಾವು 14ನೇ ದಿನ ಪ್ರಯತ್ನಪಟ್ಟು ಸುಮ್ಮನಾಗುತ್ತಿದ್ದೆವು. ಅಂಡ ಬರುವ ಹೊತ್ತಿಗೆ ಅಲ್ಲಿ ಏನೂ ಉಳಿದಿರುತ್ತಿರಲಿಲ್ಲ. ದಿನ ಖಚಿತ ಇಲ್ಲದವರು ಎರಡು ಮೂರು ದಿನಕ್ಕೊಮ್ಮೆ ಸೇರುತ್ತಿದ್ದರೆ ಸಾಕು, ಕ್ಯಾಲೆಂಡರ್ ನೋಡಿಕೊಂಡು ಕೂರಬೇಕಾಗಿಲ್ಲ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಅಂತ ಈಗಲೂ ಅನಿಸುತ್ತದೆ.

ಇನ್ನೊಂದು ಹೇಳಲೇಬೇಕು. ಅಂಡ ಬಿಡುಗಡೆ ಆಗಿದೆಯಾ ಅಂತ ನೋಡಲು ಪ್ರೊಜೆಸ್ಟೆರಾನ್ ರಕ್ತಪರೀಕ್ಷೆ ಮಾಡಿಸುತ್ತಾರೆ. ಅದು ಅಂಡ ಬಿಡುಗಡೆ ಆದಮೇಲೆ ಏರುವ ಹಾರ್ಮೋನ್. ಈ ಪರೀಕ್ಷೆಗೆ "21ನೇ ದಿನದ ಟೆಸ್ಟ್" ಅಂತಲೇ ಹೆಸರು ಬಿದ್ದಿದೆ. ನಾನು ಹಾಗೇ 21ನೇ ದಿನ ರಕ್ತ ಕೊಟ್ಟೆ. ಅಂಡ ಬಿಡುಗಡೆ ಆಗಿಲ್ಲ ಅಂದರು. ಎರಡು ರಾತ್ರಿ ನಿದ್ದೆ ಇಲ್ಲ. ಆಮೇಲೆ ಬೇರೆ ಡಾಕ್ಟರ್ ಆ ಚೀಟಿ ನೋಡಿ, "ನಿಮ್ಮದು 40 ದಿನ, 21ನೇ ದಿನ ಯಾಕಮ್ಮ ಮಾಡಿಸಿದಿರಿ?" ಅಂತ ಕೇಳಿದರು. 21 ಅನ್ನುವುದು 28 ದಿನದವರ ಲೆಕ್ಕ. ಮುಂದಿನ ಮುಟ್ಟಿಗೆ ಸುಮಾರು ಏಳು ದಿನ ಮೊದಲು ಮಾಡಿಸಬೇಕು. ನಿಮ್ಮ ಹಾಗೆ ಏರುಪೇರು ಇದ್ದರೆ ಒಂದಕ್ಕಿಂತ ಹೆಚ್ಚು ಸಲ ನೋಡಬೇಕಾಗಬಹುದು. ಅದಕ್ಕೇ ಆ ಡೈರಿ ತಪ್ಪದೆ ತೆಗೆದುಕೊಂಡು ಹೋಗಿ. ನನ್ನ ಡಾಕ್ಟರ್ ಸ್ಕ್ಯಾನ್ ರಿಪೋರ್ಟಿಗಿಂತ ಮೊದಲು ನೋಡಿದ್ದು ನನ್ನ ಡೈರಿಯನ್ನೇ.

ನನಗೆ ಪಿಸಿಓಎಸ್ ಇತ್ತು, ಅಂದರೆ ಹಾರ್ಮೋನ್ ಏರುಪೇರಿನಿಂದ ಅಂಡ ಸರಿಯಾಗಿ ಬೆಳೆದು ಬಿಡುಗಡೆ ಆಗದ ತೊಂದರೆ. ಅಂಡ ಬೆಳೆಯಲು ಲೆಟ್ರೊಜೋಲ್ ಅನ್ನುವ ಮಾತ್ರೆ, ಪ್ರತಿ ಸಲ ಐದು ದಿನ. ನಡುನಡುವೆ ಸ್ಕ್ಯಾನ್. ಮೂರನೇ ಸಲಕ್ಕೆ ಗರ್ಭ ನಿಂತಿತು. ನಿಮ್ಮದೂ ಅದೇ ಇರಬೇಕು ಅಂತಲ್ಲ. ಥೈರಾಯ್ಡ್ ಏರುಪೇರಾದರೂ, ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ಜಾಸ್ತಿಯಾದರೂ ಮುಟ್ಟು ಹೀಗೆ ತಡವಾಗುತ್ತದೆ. ಎರಡೂ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತವೆ.

ಬೆಳಗಿನ ಓಟ

ನಾನು ಗಂಡಸು. ಎರಡನೇ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತೇನೆ. ಒಬ್ಬರೇ ಹೋಗಬೇಡಿ. ಇದನ್ನು ನಿಮ್ಮ ಯಜಮಾನರಿಗೂ ಓದಲು ಕೊಡಿ.

ನಾನೂ "ನಿನ್ನದು ಮೊದಲು ನೋಡೋಣ" ಅಂದವನೇ. ಏಳು ತಿಂಗಳು ಹಾಗೇ ತಳ್ಳಿದೆ. ಆ ಏಳು ತಿಂಗಳಲ್ಲಿ ನನ್ನ ಹೆಂಡತಿ ರಕ್ತ ಕೊಟ್ಟಳು, ಸ್ಕ್ಯಾನ್ ಮಾಡಿಸಿದಳು. ಕೊನೆಗೆ ಗರ್ಭನಾಳ ತೆರೆದಿದೆಯಾ ಅಂತ ನೋಡುವ ಎಚ್‌ಎಸ್‌ಜಿ ಕೂಡ ಆಯಿತು. ಗರ್ಭಕೋಶದೊಳಗೆ ಚಿತ್ರದಲ್ಲಿ ಎದ್ದು ಕಾಣುವ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಹೊರಗೆ ಬಂದವಳು ನನ್ನ ಕೈ ಹಿಡಿದುಕೊಂಡೇ ಬೆಂಚಿನ ಮೇಲೆ ಕೂತಳು. ಮಾತಾಡಲಿಲ್ಲ. ಅವಳ ಬೆರಳು ತಣ್ಣಗಿತ್ತು. ಅವಳ ಎಲ್ಲಾ ರಿಪೋರ್ಟೂ ಸರಿಯಾಗಿತ್ತು.

ನನ್ನ ಪರೀಕ್ಷೆಗೆ ಬೇಕಾಗಿದ್ದು ಒಂದು ಡಬ್ಬಿ ಮತ್ತು ಅರ್ಧ ಗಂಟೆ. ಸೂಜಿ ಇಲ್ಲ, ನೋವಿಲ್ಲ. ರಿಪೋರ್ಟಿನಲ್ಲಿ ವೀರ್ಯಾಣು ಸಂಖ್ಯೆ ಸೊನ್ನೆ ಅಂತ ಬಂತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಏನಾದರೂ ಇಂಜೆಕ್ಷನ್ ತಗೋತೀರಾ?" ಜಿಮ್‌ನಲ್ಲಿ ಮೈಕಟ್ಟಿಗೆ ಅಂತ ಟೆಸ್ಟೋಸ್ಟೆರಾನ್ ಅನ್ನುವ ಗಂಡು ಹಾರ್ಮೋನ್ ತೆಗೆದುಕೊಳ್ಳುತ್ತಿದ್ದೆ. ಹೊರಗಿನಿಂದ ಅದು ಬಂದರೆ ದೇಹ ತಾನೇ ವೀರ್ಯಾಣು ಮಾಡುವುದನ್ನು ನಿಲ್ಲಿಸಿಬಿಡುತ್ತದಂತೆ. ನನಗೆ ಗೊತ್ತೇ ಇರಲಿಲ್ಲ. ಅವತ್ತೇ ನಿಲ್ಲಿಸಿದೆ. ಸಂಖ್ಯೆ ಮತ್ತೆ ಸರಿಯಾಗಲು ಹತ್ತು ತಿಂಗಳು ಹಿಡಿಯಿತು. ಕೆಲವರಿಗೆ ಇನ್ನೂ ಜಾಸ್ತಿ ಬೇಕಾಗುತ್ತದೆ ಅಂದರು.

ನಾನು ಮೊದಲೇ ಡಬ್ಬಿ ಹಿಡಿದಿದ್ದರೆ ಅವಳು ಆ ಎಕ್ಸ್‌ರೇ ಟೇಬಲ್ ಮೇಲೆ ಮಲಗಬೇಕಾಗಿರಲಿಲ್ಲ. ಅದಕ್ಕೆ ಇವತ್ತಿಗೂ ನನಗೆ ಸಂಕಟ ಆಗುತ್ತದೆ.

ಒಂದು ಮಾತು ನೆನಪಿರಲಿ. ಒಂದು ರಿಪೋರ್ಟ್ ಕೆಟ್ಟದಾಗಿ ಬಂದರೆ ಅಷ್ಟಕ್ಕೇ ಕುಸಿಯಬೇಡಿ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಷ್ಟು ಬೇಕು. ಆಗ ಜೋರು ಜ್ವರ ಬಂದಿದ್ದರೂ ಸಂಖ್ಯೆ ಇಳಿದಿರುತ್ತದೆ. ಹಾಗಾಗಿ ಸಾಮಾನ್ಯವಾಗಿ ಮೂರು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ. ಸೊನ್ನೆ ಬಂದರೆ ಅಥವಾ ತುಂಬಾ ಕಡಿಮೆ ಬಂದರೆ ಅಷ್ಟು ಕಾಯುವುದಿಲ್ಲ.

ಹಸಿರುಗರಿ

ನನ್ನ ಕಥೆ ಉಲ್ಟಾ. ನನಗೆ 27, ಮುಟ್ಟು ಗಡಿಯಾರದ ಹಾಗೆ 29 ದಿನಕ್ಕೆ. ಆದರೂ ನಾಲ್ಕೇ ತಿಂಗಳಿಗೆ ಹೆದರಿ ಓಡಿದೆ. ಡಾಕ್ಟರ್ ಬೈಯಲಿಲ್ಲ. ಎಲ್ಲಾ ಸರಿ ಇರುವ ಜೋಡಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನಾಲ್ಕೈದರಲ್ಲಿ ಒಂದು ಅಷ್ಟೇ ಅಂದರು. ವರ್ಷದೊಳಗೆ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜೋಡಿಗೆ ಆಗುತ್ತದೆ ಅಂತಲೂ ಹೇಳಿದರು.

ಚಿಕಿತ್ಸೆ ಏನೂ ಶುರು ಮಾಡಲಿಲ್ಲ. ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಬರೆದುಕೊಟ್ಟರು. ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಮೊದಲ ವಾರಗಳಲ್ಲೇ. ಅದಕ್ಕೇ ಗರ್ಭ ನಿಲ್ಲುವ ಮೊದಲೇ ಶುರು ಮಾಡಬೇಕಂತೆ. ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುವ ರುಬೆಲ್ಲಾ ಸೋಂಕಿನ ಪರೀಕ್ಷೆ ಮಾಡಿಸಿದಾಗ ನನಗೆ ರಕ್ಷಣೆ ಇಲ್ಲ ಅಂತ ಗೊತ್ತಾಯಿತು. ಲಸಿಕೆ ಹಾಕಿಸಿಕೊಂಡು ಒಂದು ತಿಂಗಳು ಕಾಯಬೇಕಾಯಿತು. ಗರ್ಭಿಣಿ ಆದಮೇಲೆ ಆ ಲಸಿಕೆ ಕೊಡುವಂತಿಲ್ಲ. ಬೇಗ ಹೋಗಿದ್ದಕ್ಕೆ ಅದೊಂದು ಲಾಭ ಆಯಿತು.

ಮೊದಲಮಳೆ

ಎಲ್ಲರದ್ದೂ ಎರಡೆರಡು ಸಲ ಓದಿದೆ. ಹಳೇಡೈರಿ ಅಕ್ಕ, 26ನೇ ದಿನ ಅನ್ನುವುದನ್ನು ಓದಿ ಡೈರಿ ತೆಗೆದು ಪ್ರತಿ ಅಂಕಿಯಿಂದ 14 ಕಳೆದು ನೋಡಿದೆ. 24, 31, 27, 38, 25. ಆ ಯಾವ ಹೊತ್ತಿನಲ್ಲೂ ನಾವು ಪ್ರಯತ್ನಪಟ್ಟಿದ್ದು ನೆನಪಿಲ್ಲ. 52 ದಿನದ ಸಲವಂತೂ 38ನೇ ದಿನದ ಹೊತ್ತಿಗೆ ನಾನು ಕಿಟ್ ನೋಡಿ ಅಳುತ್ತಿದ್ದೆ. ಅಂಡ ಬಂದಿದ್ದರೆ ಆಗ ಬಂದಿರಬೇಕು.

ಬೆಳಗಿನ ಓಟ ಅವರೇ, ನಿಮ್ಮ ಮಾತನ್ನು ಇವರ ಕೈಗೆ ಕೊಟ್ಟು ನಾನು ಒಳಗೆ ಹೋಗಿಬಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಬಂದರು. "ಆ ಪರೀಕ್ಷೆಗೆ ಮುಂಚೆ ಏನಾದರೂ ಪಥ್ಯ ಇದೆಯಾ?" ಅಂತ ಮಾತ್ರ ಕೇಳಿದರು. ಫೋನ್ ಮಾಡಿ ವಿಚಾರಿಸಿದೆವು. ಎರಡರಿಂದ ಏಳು ದಿನ ಸೇರಬಾರದು, ಅಷ್ಟೇ ಅಂದರು.

ಗುರುವಾರ ಬೆಳಗ್ಗೆ ಹತ್ತಕ್ಕೆ ಹೋಗುತ್ತಿದ್ದೇವೆ. ಇಬ್ಬರ ಹೆಸರನ್ನೂ ಬರೆಸಿದ್ದೇವೆ.