ಅಮೆರಿಕಕ್ಕೆ ಯಕ್ಷಗಾನ ತಂಡವನ್ನು ಕರೆಸಲು ಯಾವ ವೀಸಾ ಬೇಕು?

ಪ್ರಶ್ನೆ (ಕನ್ನಡ ಸಂಘವೊಂದರ ಕಾರ್ಯದರ್ಶಿ):

ವಕೀಲರಿಗೆ ನಮಸ್ಕಾರ. ಪತ್ತನಾಜೆ (ಮೇಳಗಳ ವರ್ಷದ ತಿರುಗಾಟ ಮುಗಿಯುವ ದಿನ) ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಜೂನ್ ಕೊನೆಯಿಂದ ಆರು ವಾರಗಳ ಮಟ್ಟಿಗೆ, ಕರಾವಳಿಯಿಂದ ಹನ್ನೊಂದು ಮಂದಿಯ ತಂಡವನ್ನು ಕರೆಸಿ ಇಲ್ಲಿನ ನಾಲ್ಕು ಊರುಗಳಲ್ಲಿ ಆಟ ಆಡಿಸಬೇಕೆಂದಿದ್ದೇವೆ. ವಿಮಾನದ ಖರ್ಚು, ಊಟ, ವಸತಿ ಬಿಟ್ಟರೆ ನಾವು ಕೊಡುವ ಸಂಭಾವನೆ ಸಣ್ಣದು. ಸಂಭಾವನೆಯೇ ಇಲ್ಲವೆಂದು ಬರೆದುಕೊಟ್ಟು ಸಂದರ್ಶಕ ವೀಸಾದಲ್ಲಿ ಕರೆಸಿದರೆ ಸಾಕೆಂದು ಕೆಲವು ಹಿರಿಯ ಸದಸ್ಯರು ಹೇಳುತ್ತಿದ್ದಾರೆ. ಇದು ಸರಿಯೇ?

ಉತ್ತರ:

ನಮಸ್ಕಾರ. ಇದು ಸರಿಯಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಹವ್ಯಾಸಿ ಕಲಾವಿದರು ಬಿ-2 ಎಂಬ ಸಂದರ್ಶಕ ವೀಸಾದಲ್ಲಿ ಬಂದು ಸಂಭಾವನೆಯಿಲ್ಲದೆ ಪ್ರದರ್ಶನ ನೀಡಲು ಅವಕಾಶವಿರುವುದು ನಿಜ. ಆದರೆ ಊರಿನಲ್ಲಿ ಸಂಭಾವನೆ ಪಡೆದು ವೇಷ ಕಟ್ಟುವವರು, ಅದೊಂದೇ ಅವರ ಜೀವನೋಪಾಯವಲ್ಲದಿದ್ದರೂ, ಇಲ್ಲಿ ಒಂದು ಡಾಲರ್ ಕೂಡ ಪಡೆಯುವುದಿಲ್ಲವೆಂದು ಒಪ್ಪಿಕೊಂಡರೂ, ಹವ್ಯಾಸಿಗಳೆನಿಸುವುದಿಲ್ಲವೆಂದು ಅಮೆರಿಕದ ವಿದೇಶಾಂಗ ಇಲಾಖೆಯ ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ. ಸುಳ್ಳು ಕಾರಣ ಕೊಟ್ಟು ವೀಸಾ ಪಡೆದದ್ದು ಸಾಬೀತಾದರೆ ಆ ವ್ಯಕ್ತಿಗೆ ಈ ದೇಶದ ಪ್ರವೇಶ ಜೀವನಪರ್ಯಂತ ನಿಷಿದ್ಧವಾಗಬಹುದು. ಪತ್ರ ಬರೆದುಕೊಟ್ಟವರು ಸಂಘದವರು, ಆದರೆ ಆ ಕಪ್ಪುಚುಕ್ಕೆ ಉಳಿಯುವುದು ಕಲಾವಿದನ ಪಾಸ್‌ಪೋರ್ಟಿನ ಮೇಲೆ. ನಂಬಿ ಬಂದವರನ್ನು ನಾವು ಆ ಸ್ಥಿತಿಗೆ ತರಬಾರದು.

ನಿಮ್ಮ ತಂಡಕ್ಕೆ ಸರಿಯಾದದ್ದು ಪಿ-3 ವೀಸಾ. ಸಾಂಸ್ಕೃತಿಕವಾಗಿ ವಿಶಿಷ್ಟವಾದ ಕಲೆಯನ್ನು ಪ್ರದರ್ಶಿಸಲು ಅಥವಾ ಕಲಿಸಲು ಬರುವವರಿಗಾಗಿಯೇ ಇರುವ ವರ್ಗವಿದು. ಪಿ-1 ವರ್ಗದಲ್ಲಿ ಬರುವ ಮನರಂಜನಾ ತಂಡಕ್ಕೆ ಅಂತರರಾಷ್ಟ್ರೀಯ ಖ್ಯಾತಿ ಇರಬೇಕು, ಅದರ ಸದಸ್ಯರಲ್ಲಿ ಶೇ. 75ರಷ್ಟು ಮಂದಿ ಕನಿಷ್ಠ ಒಂದು ವರ್ಷದಿಂದ ತಂಡದಲ್ಲಿರಬೇಕು. ಪಿ-3ಕ್ಕೆ ಈ ಎರಡು ಷರತ್ತುಗಳೂ ಇಲ್ಲ. ಬೇರೆ ಬೇರೆ ಮೇಳಗಳ ಕಲಾವಿದರು ಮಳೆಗಾಲದ ತಿರುಗಾಟಕ್ಕೆಂದು ಒಂದುಗೂಡುವ ನಮ್ಮ ತಂಡಗಳಿಗೆ ಇದೊಂದು ದೊಡ್ಡ ಅನುಕೂಲ.

ಅರ್ಜಿ ಹಾಕಬೇಕಾದವರು ಕಲಾವಿದರಲ್ಲ, ನೀವು. ವಲಸೆ ಇಲಾಖೆಗೆ ಐ-129 ಎಂಬ ಅರ್ಜಿ ನಮೂನೆಯ ಜೊತೆಗೆ ಒಪ್ಪಂದಪತ್ರಗಳನ್ನು, ಯಾವ ದಿನ ಯಾವ ಊರಿನಲ್ಲಿ ಪ್ರದರ್ಶನವೆಂಬ ವೇಳಾಪಟ್ಟಿಯನ್ನು, ಸಂಬಂಧಪಟ್ಟ ಕಾರ್ಮಿಕ ಸಂಘಟನೆಯ ಲಿಖಿತ ಅಭಿಪ್ರಾಯವನ್ನು ಸಲ್ಲಿಸಬೇಕು. 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ದರದಂತೆ ಪಿ ವರ್ಗದ ಅರ್ಜಿಗೆ ಶುಲ್ಕ 1,015 ಡಾಲರ್. ನಿಮ್ಮ ಸಂಘಕ್ಕೆ 501(ಸಿ)(3) ಮಾನ್ಯತೆ (ಲಾಭರಹಿತ ಸಂಸ್ಥೆಗೆ ಸಿಗುವ ತೆರಿಗೆ ವಿನಾಯಿತಿ) ಇದ್ದರೆ 510 ಡಾಲರ್ ಸಾಕು, ಆಶ್ರಯ ಕೋರಿ ಬರುವವರ ಅರ್ಜಿಗಳ ವೆಚ್ಚಕ್ಕೆಂದು ವಿಧಿಸುವ 600 ಡಾಲರುಗಳ ಹೆಚ್ಚುವರಿ ಶುಲ್ಕದಿಂದಲೂ ವಿನಾಯಿತಿ ಸಿಗುತ್ತದೆ.

ಅರ್ಜಿಯ ಜೀವಾಳವಿರುವುದು ಪರಿಣತರ ಪತ್ರಗಳಲ್ಲಿ, ಮತ್ತು ನಮ್ಮ ಸಂಘಗಳು ಎಡವುವುದೂ ಅಲ್ಲಿಯೇ. ‘ಇವರು ಅದ್ಭುತ ಕಲಾವಿದರು’ ಎಂಬ ನಾಲ್ಕು ಸಾಲಿನ ಹೊಗಳಿಕೆಯಿಂದ ಪ್ರಯೋಜನವಿಲ್ಲ. ಅದನ್ನು ಓದುವ ಅಧಿಕಾರಿ ಚೆಂಡೆಯ ಸದ್ದನ್ನು ಒಮ್ಮೆಯೂ ಕೇಳಿರಲಾರರು. ಯಕ್ಷಗಾನವೆಂದರೇನು, ಅದರ ಎರಡು ಶೈಲಿಗಳಾದ ತೆಂಕುತಿಟ್ಟಿಗೂ ಬಡಗುತಿಟ್ಟಿಗೂ ಏನು ವ್ಯತ್ಯಾಸ, ಭಾಗವತರ ಹಾಡನ್ನು ಅನುಸರಿಸಿ ಅರ್ಥಧಾರಿ ಆ ಕ್ಷಣದಲ್ಲೇ ಮಾತನ್ನು ಕಟ್ಟುವುದು ಹೇಗೆ, ಈ ಕಲಾವಿದ ಯಾರ ಬಳಿ ಕಲಿತು ಎಷ್ಟು ವರ್ಷ ತಿರುಗಾಟ ಮಾಡಿದ್ದಾರೆ, ಇವೆಲ್ಲವನ್ನು ಪತ್ರ ಬರೆಯುವವರು ತಮಗೆ ಹೇಗೆ ಗೊತ್ತೆಂಬುದರ ಸಮೇತ ವಿವರಿಸಬೇಕು. ಕನ್ನಡ ಪತ್ರಿಕೆಗಳ ವಿಮರ್ಶೆಗಳು ಉತ್ತಮ ಪುರಾವೆಯೇ. ಆದರೆ ಪ್ರತಿಯೊಂದಕ್ಕೂ ಪೂರ್ಣ ಇಂಗ್ಲಿಷ್ ಅನುವಾದವನ್ನೂ ಅನುವಾದಕರ ದೃಢೀಕರಣವನ್ನೂ ಲಗತ್ತಿಸಬೇಕು.

ಪ್ರದರ್ಶನಕ್ಕೆ ಒಂದು ವರ್ಷ ಮುಂಚೆಯೇ ಅರ್ಜಿ ಸಲ್ಲಿಸಬಹುದು. ವಲಸೆ ಇಲಾಖೆ ಕನಿಷ್ಠ 45 ದಿನ ಮುಂಚಿತವಾಗಿ ಎನ್ನುತ್ತದೆ, ನಾನು ಜನವರಿಯಲ್ಲೇ ಸಲ್ಲಿಸಿ ಎನ್ನುತ್ತೇನೆ. ಅರ್ಜಿ ಮಂಜೂರಾದ ಮೇಲೂ ಪ್ರತಿಯೊಬ್ಬರೂ ಕಾನ್ಸುಲೇಟಿನಲ್ಲಿ ಸಂದರ್ಶನ ಎದುರಿಸಬೇಕು. ತಿರುಗಾಟದ ನಡುವೆ, ರಾತ್ರಿಯಿಡೀ ಆಟ ಮುಗಿಸಿದವರಿಗೆ ಅದಕ್ಕೆ ಬಿಡುವು ಸಿಗುವುದು ಸುಲಭವಲ್ಲ.

ಅದೇ ಕಾರ್ಯದರ್ಶಿಯವರ ಮರುಪ್ರಶ್ನೆ:

ಬಹಳ ಉಪಕಾರವಾಯಿತು ಮೇಡಂ. ಹನ್ನೊಂದು ಮಂದಿಯಲ್ಲಿ ಒಬ್ಬರು ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ವೇಷಭೂಷಣ ಕಟ್ಟುವವರು. ಅವರೂ ಇದೇ ಅರ್ಜಿಯಲ್ಲಿ ಬರಬಹುದೇ? ಅರ್ಜಿ ಮಂಜೂರಾದ ಬಳಿಕ ಮದ್ದಳೆಯವರಿಗೆ ಬರಲಾಗದಿದ್ದರೆ ಏನು ಮಾಡಬೇಕು?

ಉತ್ತರ:

ಹಾಡು, ವಾದ್ಯಗಳ ಹಿಮ್ಮೇಳ ಮತ್ತು ವೇಷಧಾರಿಗಳ ಮುಮ್ಮೇಳ ಸೇರಿ ಹತ್ತೂ ಮಂದಿಯನ್ನು ಒಂದೇ ಅರ್ಜಿಯಲ್ಲಿ ಸೇರಿಸಬಹುದು, ಏಕೆಂದರೆ ಒಂದು ಅರ್ಜಿಯಲ್ಲಿ 25 ಹೆಸರುಗಳವರೆಗೆ ಅವಕಾಶವಿದೆ. ವೇಷಭೂಷಣದವರು ಅಗತ್ಯ ಸಹಾಯಕರ ವರ್ಗಕ್ಕೆ ಸೇರುವುದರಿಂದ ಅವರಿಗೆ ಪ್ರತ್ಯೇಕ ಅರ್ಜಿ ಬೇಕು. ಅವರಿಲ್ಲದೆ ಆಟ ನಡೆಯದು, ಅವರ ಕೆಲಸವನ್ನು ಇಲ್ಲಿನವರು ಮಾಡಲಾರರು ಎಂಬುದನ್ನು ಅದರಲ್ಲಿ ತೋರಿಸಬೇಕು. ಕಿರೀಟ ಕಟ್ಟುವುದನ್ನು ಕಂಡವರಿಗೆ ಇದು ತಾನೇ ತಿಳಿಯುತ್ತದೆ, ಆದರೆ ಕಾಣದವರಿಗಾಗಿ ಬರೆಯಲೇಬೇಕು.

ಮದ್ದಳೆಯವರು ಬರಲಾಗದಿದ್ದರೆ ಹೊಸ ಅರ್ಜಿ ಬೇಡ. ಮಂಜೂರಾತಿಯ ಪ್ರತಿಯೊಂದಿಗೆ ಬದಲಿ ಕಲಾವಿದರ ಹೆಸರು ತಿಳಿಸುವ ಪತ್ರವನ್ನು ಕಾನ್ಸುಲೇಟಿಗೆ ಕೊಡಬಹುದು. ಈ ಸೌಲಭ್ಯ ಸಹಾಯಕರಿಗೆ ಮಾತ್ರ ಇಲ್ಲ.

ಮತ್ತೊಬ್ಬ ಸದಸ್ಯರ ಪ್ರಶ್ನೆ:

ವಚನಗಳನ್ನು ಜಾಝ್ ಸಂಗೀತದೊಂದಿಗೆ ಬೆಸೆದು ಹಾಡುವ ತಂಡವೊಂದನ್ನು ಬೆಂಗಳೂರಿನಿಂದ ಕರೆಸುವ ಯೋಚನೆ ನಮ್ಮದು. ಸಾಂಪ್ರದಾಯಿಕವಲ್ಲವೆಂದು ಪಿ-3 ತಿರಸ್ಕೃತವಾಗುತ್ತದೆಯೇ? ಅದೇ ತಂಡದಿಂದ ಒಂದು ಸಂಜೆ ಸಿನಿಮಾ ಹಾಡುಗಳ ರಸಮಂಜರಿಯನ್ನೂ ಮಾಡಿಸಬಹುದೇ?

ಉತ್ತರ:

ಬೆಸುಗೆಯೊಂದೇ ತಿರಸ್ಕಾರಕ್ಕೆ ಕಾರಣವಾಗಬಾರದು. ಯಹೂದಿ ಕ್ಲೆಜ್ಮರ್ ಸಂಗೀತವನ್ನು ಅರ್ಜೆಂಟೀನಾದ ಸಂಗೀತದೊಂದಿಗೆ ಬೆಸೆದ ತಂಡವೊಂದರ ಪ್ರಕರಣದಲ್ಲಿ, ಒಂದಕ್ಕಿಂತ ಹೆಚ್ಚು ಸಂಸ್ಕೃತಿಗಳು ಕೂಡಿ ಹುಟ್ಟಿದ ಕಲೆಯೂ ವಿಶಿಷ್ಟವೆನಿಸಬಹುದೆಂದು ವಲಸೆ ಇಲಾಖೆಯ ಮೇಲ್ಮನವಿ ಕಚೇರಿ 2012ರಲ್ಲಿ ತೀರ್ಮಾನಿಸಿತು. ನಿಮ್ಮ ಅರ್ಜಿಯಲ್ಲಿ ಆ ತೀರ್ಮಾನವನ್ನು ಉಲ್ಲೇಖಿಸಿ. ಆದರೆ ರಸಮಂಜರಿಯನ್ನು ಕೈಬಿಡಿ. ಅರ್ಜಿಯಲ್ಲಿರುವ ಎಲ್ಲ ಪ್ರದರ್ಶನಗಳೂ ಸಾಂಸ್ಕೃತಿಕವಾಗಿ ವಿಶಿಷ್ಟವಾಗಿರಬೇಕೆಂಬುದು ನಿಯಮ, ಆ ಒಂದು ಸಂಜೆಯಿಂದ ಇಡೀ ಅರ್ಜಿ ದುರ್ಬಲವಾಗುತ್ತದೆ.

ಇಬ್ಬರಿಗೂ ಒಂದು ಮಾತು. ಅರ್ಜಿಯಲ್ಲಿ ಮಂಜೂರಾದ ಅವಧಿಗೆ ಮುಂಚೆ ಹತ್ತು ದಿನ, ನಂತರ ಹತ್ತು ದಿನ ಕಲಾವಿದರು ಇಲ್ಲಿರಲು ಅನುಮತಿ ಸಿಗಬಹುದು, ಆದರೆ ಆ ದಿನಗಳಲ್ಲಿ ಪ್ರದರ್ಶನ ನೀಡುವಂತಿಲ್ಲ. ಆದ್ದರಿಂದ ಬೀಳ್ಕೊಡುಗೆಯ ದಿನ ಯಾರದಾದರೂ ಮನೆಯಲ್ಲಿ ತಾಳಮದ್ದಳೆ (ವೇಷವಿಲ್ಲದೆ ಕುಳಿತು ಆಡುವ ಯಕ್ಷಗಾನ) ಇಟ್ಟುಕೊಳ್ಳುವ ಯೋಚನೆಯಿದ್ದರೆ ಆ ದಿನಾಂಕವನ್ನೂ ಈಗಲೇ ವೇಳಾಪಟ್ಟಿಯಲ್ಲಿ ಸೇರಿಸಿಬಿಡಿ.