ಸುರಂಗದ ನೀರಿನಲ್ಲಿ ಪ್ಲಾಟಿ ಮೀನುಗಳು ಸೊರಗುವುದೇಕೆ?

ಪ್ರಶ್ನೆ (ಪೆರ್ಲದಿಂದ): ನಮ್ಮ ಮನೆಗೆ ಗುಡ್ಡದ ಸುರಂಗದಿಂದ (ಗುಡ್ಡದ ಬದಿಗೆ ಅಡ್ಡವಾಗಿ ಕೊರೆದ ಬಾವಿಯಿಂದ) ನೀರು ಬರುತ್ತದೆ; ಮಕ್ಕಳಿಗಾಗಿ ಇರಿಸಿದ 60 ಲೀಟರಿನ ಗಾಜಿನ ತೊಟ್ಟಿಗೂ ಅದೇ ನೀರು. ತಂದ ಹೊಸತರಲ್ಲಿ ಚುರುಕಾಗಿದ್ದ ಕೆಂಪು ಪ್ಲಾಟಿಗಳು ಈಗ ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು, ನಿಂತಲ್ಲಿಯೇ ಮೈಯನ್ನು ಅತ್ತಿತ್ತ ಅಲುಗಿಸುತ್ತಿರುತ್ತವೆ. ಬಿಳಿ ಚುಕ್ಕೆಯಾಗಲಿ ಹುಣ್ಣಾಗಲಿ ಕಾಣಿಸುತ್ತಿಲ್ಲ. ನಾವು ಕುಡಿಯುವ ಇಷ್ಟು ತಿಳಿಯಾದ ನೀರು ಮೀನಿಗೆ ಒಗ್ಗದಿರಲು ಸಾಧ್ಯವೇ? ಸ್ವಲ್ಪ ಸುಣ್ಣ ಕದಡಿ ಹಾಕಿರೆಂದು ನೆರೆಯವರು ಹೇಳುತ್ತಾರೆ, ಹಾಕಬಹುದೇ?

ಉತ್ತರ (ಬದಿಯಡ್ಕದಿಂದ): ಪ್ಲಾಟಿಗಳು ಉಪ್ಪನ್ನು ಸಹಿಸಬಲ್ಲವು. ಅಯೋಡಿನ್ ಇಲ್ಲದ ಕಲ್ಲುಪ್ಪನ್ನು ಸ್ವಲ್ಪ ಕರಗಿಸಿ ಹಾಕಿ ನೋಡಬಹುದು.

ಉತ್ತರ (ಕುಂಬಳೆಯಿಂದ): ಉಪ್ಪಿನಿಂದ ಇಲ್ಲಿ ಮೂಲದ ತೊಂದರೆ ನೀಗುವುದಿಲ್ಲ, ಏಕೆಂದರೆ ನೀರಿಗೆ ಬೇಕಾಗಿರುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತು ಕಾರ್ಬೊನೇಟ್, ಅಡುಗೆಯ ಉಪ್ಪಿನಲ್ಲಿರುವುದು ಸೋಡಿಯಂ ಕ್ಲೋರೈಡ್. ಮೆಕ್ಸಿಕೊ, ಗ್ವಾಟೆಮಾಲಾ, ಬೆಲೀಜ್ ಕಡೆಯ ಪ್ಲಾಟಿಗೆ ಒಗ್ಗುವುದು ಗಡಸು ನೀರು, ಪಿಎಚ್ (ನೀರಿನ ಆಮ್ಲೀಯತೆಯ ಅಳತೆ; 7ಕ್ಕಿಂತ ಕಡಿಮೆಯಾದರೆ ಆಮ್ಲೀಯ) 7ರಿಂದ 8ರವರೆಗೆ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡಗಳಲ್ಲಿ ಒಸರುವ ನೀರಾದರೋ ಖನಿಜ ಕಡಿಮೆಯಿರುವ ಮೆದು ನೀರು, ಸಾಮಾನ್ಯವಾಗಿ ತುಸು ಆಮ್ಲೀಯವೂ ಹೌದು. ತಾವು ಬರೆದಿರುವ ಲಕ್ಷಣಗಳು ಇಂಥ ನೀರಿನಲ್ಲಿ ಮರಿ ಹಾಕುವ ಜಾತಿಯ ಮೀನುಗಳಲ್ಲಿ ಆಗಾಗ ಕಾಣುವಂಥವೇ ಆದರೂ, ಮೀನಿನ ಮಲಿನದಿಂದ ಹುಟ್ಟುವ ಅಮೋನಿಯಾ ಹೆಚ್ಚಿದಾಗಲೂ ಮೀನುಗಳು ರೆಕ್ಕೆ ಮುದುಡುವುದರಿಂದ, ಮೊದಲು ಪಿಎಚ್, ಗಡಸುತನ, ಅಮೋನಿಯಾ ಮೂರನ್ನೂ ಪರೀಕ್ಷಿಸಿರಿ.

ಸುಣ್ಣವನ್ನು ಮಾತ್ರ ದಯವಿಟ್ಟು ಹಾಕಬೇಡಿ. ಪಿಎಚ್ 6ರ ಆಸುಪಾಸಿಗೆ ಇಳಿದಾಗ ಫಿಲ್ಟರಿನಲ್ಲಿ ಮೀನಿನ ಮಲಿನವನ್ನು ಕರಗಿಸುವ ಬ್ಯಾಕ್ಟೀರಿಯಾಗಳು ಮಂದವಾಗುತ್ತವೆ. ಆಗ ಕೂಡಿಕೊಳ್ಳುವ ಮಲಿನವು ಹೆಚ್ಚಾಗಿ ಅಷ್ಟೇನೂ ವಿಷಕಾರಿಯಲ್ಲದ ಅಮೋನಿಯಂ ರೂಪದಲ್ಲಿ ಇರುತ್ತದೆ. ಸುಣ್ಣದಿಂದ ಪಿಎಚ್ ಒಮ್ಮೆಲೇ ಏರಿದರೆ ಅದೇ ಅಮೋನಿಯಂ ವಿಷಕಾರಿ ಅಮೋನಿಯಾ ಆಗಿ, ಅದುವರೆಗೆ ಹೇಗೋ ಬದುಕಿದ್ದ ಮೀನುಗಳು ರಾತ್ರಿ ಬೆಳಗಾಗುವುದರೊಳಗೆ ಸಾಯಬಹುದು. ಆದ್ದರಿಂದ ಮೊದಲು ಕೆಲವು ದಿನ, ದಿನಕ್ಕೆ ಹತ್ತರಲ್ಲಿ ಒಂದೆರಡು ಪಾಲಿನಷ್ಟು ನೀರನ್ನು ಬದಲಿಸಿ ಮಲಿನವನ್ನು ತಗ್ಗಿಸಿರಿ. ಬಳಿಕ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪುಗಳನ್ನು ಮಾಂಸದ ಅಂಶ ಉಳಿಯದಂತೆ ಕುದಿಸಿ ತೊಳೆದು, ಪುಡಿಮಾಡಿ, ಒಂದು ಹಿಡಿಯಷ್ಟನ್ನು ಬಲೆಯ ಚೀಲದಲ್ಲಿ ಕಟ್ಟಿ, ಫಿಲ್ಟರಿನ ನೀರು ಹಾದುಹೋಗುವಲ್ಲಿ ಇಡಿ. ನೀರು ಆಮ್ಲೀಯವಾಗಿರುವಷ್ಟು ಕಾಲ ಚಿಪ್ಪು ಬೇಗ ಕರಗುತ್ತದೆ, ಪಿಎಚ್ ಏರಿದಂತೆ ಕರಗುವಿಕೆ ತಾನಾಗಿಯೇ ನಿಧಾನವಾಗುತ್ತದೆ. ಸುಣ್ಣಕ್ಕಿಂತ ಇದು ಸುರಕ್ಷಿತವೆನ್ನಲು ಇದೇ ಕಾರಣ. ಚಿಪ್ಪಿನಲ್ಲಿ ಮೆಗ್ನೀಸಿಯಂ ಕಡಿಮೆ. ಅದಕ್ಕೆ ಎಪ್ಸಂ ಉಪ್ಪನ್ನು (ಮೆಗ್ನೀಸಿಯಂ ಸಲ್ಫೇಟ್) ತೀರ ಅಲ್ಪ ಪ್ರಮಾಣದಲ್ಲಿ, ಗಡಸುತನವನ್ನು ಅಳೆಯುತ್ತಾ ಸೇರಿಸಬಹುದು.

ಪ್ರಶ್ನೆ ಕೇಳಿದವರು: ಬಹಳ ಉಪಕಾರವಾಯಿತು. ಚಿಪ್ಪಿನ ಬದಲು ಹವಳದ ಚೂರು ಹಾಕಬಹುದೇ? ಗಂಡು ಮೀನನ್ನು ಬೇರೆ ಮಾಡಿದ ಮೇಲೂ ಹೆಣ್ಣೊಂದು ಮರಿ ಹಾಕಿದೆ, ಇದು ಹೇಗೆ?

ಉತ್ತರ (ಕುಂಬಳೆಯಿಂದ): ಹವಳವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತವಾಗಿರುವುದರಿಂದ ಅದರ ಗೊಡವೆ ಬೇಡ, ಚಿಪ್ಪೇ ಸಾಕು. ಹೆಣ್ಣು ಪ್ಲಾಟಿ ಒಮ್ಮೆ ಕೂಡಿದ ಬಳಿಕ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಉಳಿಸಿಕೊಂಡು, ಸುಮಾರು ನಾಲ್ಕು ವಾರಗಳಿಗೊಮ್ಮೆ ಮರಿ ಹಾಕಬಲ್ಲುದು. ದೊಡ್ಡ ಮೀನುಗಳು ಮರಿಗಳನ್ನು ತಿನ್ನುತ್ತವೆ, ಆದ್ದರಿಂದ ಅಡಗಿಕೊಳ್ಳಲು ದಟ್ಟವಾದ ನೀರುಗಿಡ ಇರಲಿ.

ಉತ್ತರ (ಮುಳ್ಳೇರಿಯದಿಂದ): ಮರಿಗಳು ಹೆಚ್ಚಾದವೆಂದು ತೋಡಿಗೋ ಸುರಂಗದ ಕೆರೆಗೋ ಬಿಡದೆ, ಸಾಕುವವರಿಗೆ ಕೊಡಿ, ಹೊರನಾಡಿನ ಮೀನು ನಮ್ಮ ತೋಡಿನ ಮೀನುಗಳ ಆಹಾರಕ್ಕೂ ನೆಲೆಗೂ ಪೈಪೋಟಿಯಾಗಬಹುದು. ಮಳೆಗಾಲದಲ್ಲಿ ಸುರಂಗದ ನೀರು ಹೆಚ್ಚಿದಾಗ ಗಡಸುತನವನ್ನು ಇನ್ನೊಮ್ಮೆ ಅಳೆದು ನೋಡಿರಿ.