1915ರ ಗ್ಲಾಸ್ಗೋ ಬಾಡಿಗೆ ಮುಷ್ಕರ: ಮನೆ ಖಾಲಿ ಮಾಡಿಸಲು ಯಾಕೆ ಆಗಲಿಲ್ಲ?

ಕಡತಪ್ರಿಯ:
ಗ್ಲಾಸ್ಗೋದ ಗೋವನ್, ಪಾರ್ಟಿಕ್ ಕಡೆ ಕಾರ್ಮಿಕರ ಕುಟುಂಬಗಳು ಬಾಡಿಗೆ ಮುಷ್ಕರ ಹೂಡಿದ ವರ್ಷವೇ ಬ್ರಿಟನ್ನಿನಲ್ಲಿ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. "ಹೆಂಗಸರು ಒಗ್ಗಟ್ಟಾದರು, ಗೆದ್ದರು" ಎಂದಷ್ಟೇ ಬರೆದು ಎಲ್ಲರೂ ಮುಗಿಸಿಬಿಡುತ್ತಾರೆ. ಬಾಕಿ ಉಳಿಸಿಕೊಂಡವರ ಮೇಲೆ ಕೋರ್ಟಿನ ಆದೇಶ ತಂದು ಹೊರಹಾಕುವ ದಾರಿ ಮಾಲೀಕರಿಗೆ ಇದ್ದೇ ಇತ್ತಲ್ಲ? ಅದು ಎಲ್ಲಿ ಕೆಟ್ಟಿತು?

ಹಳೇವಠಾರ:
ಆ ದಾರಿ ಇತ್ತಷ್ಟೇ ಅಲ್ಲ, ಆಗಷ್ಟೇ ಇನ್ನೂ ಸಲೀಸಾಗಿತ್ತು. 1911ರ ಕಾಯ್ದೆಯಿಂದ ಸ್ಕಾಟ್ಲೆಂಡಿನ ಸಣ್ಣ ಮನೆಗಳ ವರ್ಷದ ಕರಾರು ಹೋಗಿ ತಿಂಗಳ ಕರಾರು ಬಂದಿತ್ತು. ಬಾಡಿಗೆದಾರ ಬೇಕಾದಾಗ ಬಿಟ್ಟುಹೋಗಬಹುದು ಎಂಬುದು ಅದರ ಒಳ್ಳೆಯ ಮುಖ. ಯುದ್ಧ ಶುರುವಾಗಿ ಮದ್ದುಗುಂಡು, ಹಡಗು ಕೆಲಸಕ್ಕೆ ಜನ ನುಗ್ಗಿ ಖಾಲಿ ಮನೆಯೇ ಸಿಗದಂತಾದಾಗ ಇನ್ನೊಂದು ಮುಖ ಕಂಡಿತು: ಮಾಲೀಕರ ಪರವಾಗಿ ವಸೂಲಿ ಮಾಡುವ ಫ್ಯಾಕ್ಟರುಗಳು ತಿಂಗಳೊಪ್ಪತ್ತಿನಲ್ಲೇ ಬಾಡಿಗೆ ಏರಿಸಬಹುದು, ಒಪ್ಪದವರನ್ನು ಬಿಡಿಸಬಹುದು. ಗೋವನ್ನಿನಲ್ಲಿ ಕೆಲವು ಕಡೆ ಏರಿಕೆ ಶೇ. 25ರವರೆಗೂ ಹೋಯಿತು.

ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ಮುಷ್ಕರ ಹೂಡಿದವರ ತಕರಾರು ಇದ್ದದ್ದು ಏರಿಕೆಗೆ. ಹಳೇ ಬಾಡಿಗೆ ಕೊಡಲು ತಯಾರಿದ್ದರು. ಕಿಟಕಿಗೆ ಅಂಟಿಸಿದ ಚೀಟಿಯ ಮೇಲೂ ಇದ್ದದ್ದು "ಏರಿಕೆಯ ವಿರುದ್ಧ ಬಾಡಿಗೆ ಮುಷ್ಕರ. ನಾವು ಖಾಲಿ ಮಾಡುವುದಿಲ್ಲ" ಎಂದೇ. ಹಾಗಾಗಿ ಬಾಡಿಗೆಗಳ್ಳರು ಎಂಬ ಹಣೆಪಟ್ಟಿ ಅವರಿಗೆ ಹತ್ತಲಿಲ್ಲ.

ಅಮೀನನ ನೋಟಿಸು:
ಆ ಚೀಟಿಗೆ ಇನ್ನೊಂದು ಉಪಯೋಗವೂ ಇತ್ತು. "ಪಕ್ಕದ ಮನೆಯವರೆಲ್ಲ ಕಟ್ಟಿಬಿಟ್ಟರು, ನೀವೊಬ್ಬರೇ ಬಾಕಿ" ಎಂದು ಫ್ಯಾಕ್ಟರುಗಳು ಒಂಟಿ ಮನೆಯವರನ್ನು ಹೆದರಿಸುತ್ತಿದ್ದರು. ಹೀಗೆ ಮೋಸಹೋದ ಒಬ್ಬಾಕೆಯ ದುಡ್ಡನ್ನು, ಗೋವನ್ನಿನಲ್ಲಿ ಹೆಂಗಸರ ಮುಂದಾಳಾಗಿದ್ದ ಮೇರಿ ಬಾರ್ಬರ್ ಹಡಗು ಕಾರ್ಖಾನೆಯ ಗಂಡಸರನ್ನು ಕರೆದುಕೊಂಡು ಹೋಗಿ ವಾಪಸು ಕೊಡಿಸಿದರು. ಬೀದಿಯ ಪ್ರತಿ ಕಿಟಕಿಯಲ್ಲೂ ಚೀಟಿ ಇದ್ದರೆ ಆ ಸುಳ್ಳು ನಡೆಯುವುದಿಲ್ಲ.

ಖಾಲಿ ಮಾಡಿಸುವ ಕೆಲಸ ನಿಂತದ್ದು ಕಟ್ಟಡದಿಂದ. ಅಲ್ಲಿನ ವಠಾರಗಳು ಮೂರು-ನಾಲ್ಕು ಅಂತಸ್ತಿನವು. ಎಷ್ಟೋ ಸಂಸಾರಗಳಿಗೆ ಬೀದಿಯಿಂದ ಒಂದೇ ಓಣಿಬಾಗಿಲು, ಒಂದೇ ಮೆಟ್ಟಿಲಸಾಲು. ಕೋರ್ಟಿನ ಅಮೀನರ ಕೈಲಿ ವಾರಂಟಿದ್ದರೆ ಸಾಲದು, ಸಾಮಾನನ್ನು ಹೊತ್ತು ಅದೇ ಮೆಟ್ಟಿಲಲ್ಲಿ ಇಳಿಸಬೇಕು. ಕಾವಲಿದ್ದ ಹೆಂಗಸು ಗಂಟೆ ಬಾರಿಸಿದ ಕೂಡಲೇ ಉಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಓಣಿ ತುಂಬಿಕೊಳ್ಳುತ್ತಿದ್ದರು. ಹಿಟ್ಟಿನ ಪೊಟ್ಟಣ, ಒದ್ದೆಬಟ್ಟೆ, ಏನು ಸಿಕ್ಕರೆ ಅದು ಅಮೀನರ ಮೇಲೆ ಬೀಳುತ್ತಿತ್ತು. ಗಂಡಸರು ಕಾರ್ಖಾನೆಯಲ್ಲಿರುವ ಹಗಲು ಹೊತ್ತಿನಲ್ಲೇ ಅಮೀನರು ಬರುತ್ತಿದ್ದರಿಂದ ಇದು ಹೆಂಗಸರ ಹೋರಾಟವೇ ಆಯಿತು. ಸಭೆಗಳು ಅಡುಗೆಮನೆಯಲ್ಲಿ, ಹಿತ್ತಲಂಗಳದಲ್ಲಿ ನಡೆದವು.

ಹಡಗುಕಟ್ಟೆ:
ಮೇಲಿನವರು ಹೇಳಿದ್ದು ಸರಿ, ಆದರೆ ಓಣಿ ಕಾದದ್ದರಿಂದಲೇ ಗೆದ್ದರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಫ್ಯಾಕ್ಟರುಗಳ ಒಂದು ತಪ್ಪು ಲೆಕ್ಕ ಆಟ ತಿರುಗಿಸಿತು. ಮನೆಗೆ ನುಗ್ಗಲಾಗದೆ ಅವರು ಸಣ್ಣ ಸಾಲಗಳ ಕೋರ್ಟಿಗೆ ಹೋಗಿ, ಬಾಕಿಯನ್ನು ಸಂಬಳದಲ್ಲೇ ಹಿಡಿದುಕೊಡಿ ಎಂದು ಕೇಳಿದರು. ಕಾನೂನಿನ ಕಣ್ಣಲ್ಲಿ ಜಾಣತನ: ಕಾರ್ಖಾನೆಯ ಸಂಬಳದ ಕೌಂಟರಿಗೆ ಅಡ್ಡ ನಿಲ್ಲುವ ಹೆಂಗಸರಿಲ್ಲ. ಆದರೆ ಅದರಿಂದ ಜಗಳ ಬೀದಿಯಿಂದ ಯುದ್ಧದ ಹಡಗು ಕಟ್ಟುವ ಜಾಗಕ್ಕೇ ಬಂತು. 1915ರ ಮದ್ದುಗುಂಡು ಕಾಯ್ದೆಯ ಪ್ರಕಾರ ಬಿಡುಗಡೆಯ ಪ್ರಮಾಣಪತ್ರವಿಲ್ಲದೆ ಅಲ್ಲಿನ ಕೆಲಸ ಬಿಡುವಂತಿರಲಿಲ್ಲ. ಬಾಡಿಗೆ ಹೆಚ್ಚಾಯಿತೆಂದು ಬೇರೆ ಊರಿಗೆ ಹೋಗುವ ದಾರಿಯೂ ಮುಚ್ಚಿತ್ತು.

ನವೆಂಬರ್ 17ರಂದು 18 ಕಾರ್ಮಿಕರ ಮೊಕದ್ದಮೆ ಕರೆದಾಗ ಸಾವಿರಾರು ಜನ ಕೆಲಸ ಬಿಟ್ಟು ಕೋರ್ಟಿಗೆ ನಡೆದರು. ಹೊರಗೆ ಸಮಾಜವಾದಿ ನಾಯಕ ಜಾನ್ ಮಕ್ಲೀನ್ ಭಾಷಣ ಮಾಡುತ್ತಿದ್ದರೆ, ಒಳಗೆ ಮದ್ದುಗುಂಡು ಸಚಿವ ಲಾಯ್ಡ್ ಜಾರ್ಜ್‌ವರೆಗೆ ವಿಷಯ ಹೋಗಿ ಮೊಕದ್ದಮೆಗಳು ಬಿದ್ದುಹೋದವು. ಆ ಹೊತ್ತಿಗೆ ಸುಮಾರು 20,000 ಮನೆಗಳು ಮುಷ್ಕರದಲ್ಲಿದ್ದವು. ಡಿಸೆಂಬರ್ 23ಕ್ಕೆ ಬಾಡಿಗೆ ನಿಯಂತ್ರಣ ಕಾಯ್ದೆಗೆ ಅಂಕಿತ ಬಿತ್ತು.

ಕಡತಪ್ರಿಯ:
ಸಂಬಳಕ್ಕೆ ಕೈಹಾಕಿದ್ದು ಇಷ್ಟು ಮುಖ್ಯ ಅಂತ ಗೊತ್ತಿರಲಿಲ್ಲ. ಕಾಯ್ದೆಯಲ್ಲಿ ನಿಜಕ್ಕೂ ಏನಿತ್ತು? ಮಾಲೀಕರು ಸಂದಿ ಹುಡುಕದೆ ಬಿಟ್ಟಿರಲಾರರು.

ಹಳೇವಠಾರ:
ಬಾಡಿಗೆಯನ್ನು 1914ರ ಆಗಸ್ಟ್ ಮಟ್ಟಕ್ಕೆ ಕಟ್ಟಿಹಾಕಿತು. ಜೊತೆಗೆ ಮನೆ ಅಡವಿಟ್ಟು ತಂದ ಸಾಲದ ಬಡ್ಡಿಗೂ ಮಿತಿ ಹಾಕಿತು. ಇಲ್ಲದಿದ್ದರೆ ಸಣ್ಣ ಮಾಲೀಕರು ನಡುವೆ ಸಿಕ್ಕಿ ನುಜ್ಜಾಗುತ್ತಿದ್ದರು. ಕಾಯ್ದೆ ಅನ್ವಯವಾಗಲು ಮನೆಯ ಬಾಡಿಗೆ ಮೌಲ್ಯಕ್ಕೂ ಮಿತಿಯಿತ್ತು, ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ 30 ಪೌಂಡ್, ಲಂಡನ್ನಿನಲ್ಲಿ 35. ಪಗಡಿ (ಮನೆ ಕೊಡಲು ಬಾಡಿಗೆಯ ಮೇಲೆ ಕೇಳುವ ಹಣ) ಕೇಳುವುದನ್ನೂ ನಿಷೇಧಿಸಿತ್ತು. ಸಂದಿ ಇದ್ದದ್ದು ಪೀಠೋಪಕರಣ ಸಮೇತ ಕೊಡುವ ಮನೆಗಳಲ್ಲಿ, ಅವು ಕಾಯ್ದೆಯ ಹೊರಗಿದ್ದವು.

ಅಮೀನನ ನೋಟಿಸು:
ಮುಂದಿನ ಕಂತು ಗ್ಲಾಸ್ಗೋ ಪಕ್ಕದ ಊರು ಕ್ಲೈಡ್‌ಬ್ಯಾಂಕಿನದು, ಅದನ್ನೂ ಓದಿ. 1920ರ ಕಾಯ್ದೆ ಏರಿಕೆಗೆ ಅವಕಾಶ ಕೊಟ್ಟಾಗ ಮಾಲೀಕರು ಬಾಡಿಗೆ ಏರಿಕೆಯ ನೋಟಿಸು ಮಾತ್ರ ಕಳಿಸಿದರು, ಹಳೇ ಕರಾರು ಮುಗಿಸುವ ನೋಟಿಸು ಕೊಡಲಿಲ್ಲ. ಹಳೇ ಕರಾರು ಜಾರಿಯಲ್ಲಿರುವಾಗ ಏರಿಕೆ ಊರ್ಜಿತವಲ್ಲ ಎಂದು 1922ರಲ್ಲಿ ಆಗಿನ ಅತ್ಯುನ್ನತ ಮೇಲ್ಮನವಿ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಅಂದರೆ ಅದುವರೆಗೆ ಹೆಚ್ಚಿಗೆ ಕಟ್ಟಿದ್ದನ್ನೆಲ್ಲ ಬಾಡಿಗೆದಾರರು ಮುಂದಿನ ಬಾಡಿಗೆಯಲ್ಲಿ ಮುರಿದುಕೊಳ್ಳುವ ಹಾಗಾಯಿತು. ಸರ್ಕಾರ 1923ರಲ್ಲಿ ಹಿಂದಿನ ದಿನಾಂಕಕ್ಕೂ ಅನ್ವಯವಾಗುವಂಥ ಹೊಸ ಕಾಯ್ದೆ ತಂದು ಆ ನೋಟಿಸುಗಳನ್ನು ಉಳಿಸಿತು.